ಸೊನ್ನೆ ರೂಪಾಯಿ ಟಿಕೆಟ್

ಆನಗೋಡು ದಾಟುವಾಗ ನೆನಪಾಯಿತು,
ಉಸಿರೆಣಿಕೆ ದಾವಣಗೆರೆ ಸ್ಟ್ಯಾಂಡಿನಲ್ಲೇ ಬಿಟ್ಟುಹೋಗಿದೆ,
ಐವತ್ತಾರು ತಲೆ ಎಣಿಸುವ ಗಡಿಬಿಡಿಯಲ್ಲಿ.
ತಪ್ಪಿದರೆ ಮತ್ತೆ ಒಂದರಿಂದ,
ಅಂದಿದ್ದರು ವಿಹಾರದ ಭಂತೇಜಿ. ಬೈದಿರಲಿಲ್ಲ.

ಒಂದು.
ಡೀಸೆಲ್ಲು, ಬಾಡಿದ ಮಲ್ಲಿಗೆ,
ಯಾರದೋ ಚೀಲದ ಮೆಣಸಿನಕಾಯಿ ಘಾಟು.
ಎರಡಕ್ಕೆ ಮೊದಲೇ ಐನೂರರ ನೋಟು ಚಾಚಿ
"ಚಿಲ್ಲರೆ ಇಲ್ದ ಮೇಲೆ ಕಂಡಕ್ಟರ್ ಯಾಕಾದಿ?" ಅಂದ
ಬಾನೆಟ್ ಪಕ್ಕದ ಬಿಳಿ ಅಂಗಿ.

ಕಿವಿಯ ಹಿಂದೆ ಬಿಸಿ. ದವಡೆ ಬಿಗಿ.
ನೋಡಿದೆ: ಸಿಟ್ಟು ಇದೆ.
ಸಿಟ್ಟಾದವನು?
ಚೀಲ ತಡಕಿದೆ, ಎದೆಯ ಬಿಲ್ಲೆ ತಿರುಗಿಸಿದೆ.
ಬಿ. ಓಬಳೇಶ ಅಂತಿತ್ತು, ನಂಬರೂ ಇತ್ತು.
ಆಸಾಮಿ ಸಿಗಲಿಲ್ಲ.

ಸುಳ್ಳೇಕೆ, ಆಮೇಲೆ ಬೈದೂ ಬಿಟ್ಟೆ.
ಭರಮಸಾಗರದ ತನಕ ಆ ಮಾತು
ಬಾಯಲ್ಲಿ ಕಹಿಯಾಗಿ ಕೂತಿತ್ತು, ಟಿಕೆಟ್ಟಿಲ್ಲದೆ.

ಅಲ್ಲಿ ಹತ್ತಿದ ಮುದುಕಿ ಆಧಾರ್ ತೋರಿಸಿದಳು.
ಮಿಷನ್ನು ಕಿರ್ ಅಂದು ಚೀಟಿ ಕೊಟ್ಟಿತು.
ಅವಳು ಅದನ್ನು ನಾಲ್ಕು ಮಡಿಕೆ ಮಡಚಿ
ಸೆರಗಿನ ತುದಿಗೆ ಗಂಟು ಹಾಕಿಕೊಂಡಳು,
ಹಣವೇನೋ ಎಂಬಂತೆ.
ಮೊತ್ತ: ಸೊನ್ನೆ.
ದಿನಕ್ಕೆ ಇನ್ನೂರು ಹರಿದು ಕೊಡುತ್ತೇನೆ,
ಒಂದನ್ನೂ ಓದಿರಲಿಲ್ಲ.

ದೂರದಲ್ಲಿ ದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳು.
ಕೆಲವು ತಿರುಗುತ್ತಿದ್ದವು, ಕೆಲವು ಸುಮ್ಮನಿದ್ದವು.
ಗಾಳಿ ಎಲ್ಲಕ್ಕೂ ಬೀಸುತ್ತಿತ್ತು.

ಬಿಳಿ ಅಂಗಿಗೆ ಚಿಲ್ಲರೆ ಎಣಿಸಿ ಕೊಟ್ಟೆ.

ಎರಡು.