ತೆರೆದ ಬಾಯಿಗೆ ಹೇಳಿದ ಕತೆ

ಮಾ ಡಾಕ್ಟ್ರು ಕತೆ ಶುರು ಮಾಡುತ್ತಿದ್ದದ್ದು
ಇಕ್ಕಳ ಬಾಯೊಳಗೆ ಹೋದ ಮೇಲೆ.
ಆಗ ಯಾರೂ ಅಡ್ಡ ಪ್ರಶ್ನೆ ಕೇಳುವ ಹಾಗಿಲ್ಲ,
ಎದ್ದು ಹೋಗುವ ಹಾಗೂ ಇಲ್ಲ.
ಮಂಡಿ ಮೊಹಲ್ಲಾದ ಜಟಕಾ ಪೀರಾನ್ ಸಾಬರಿಗೆ
ಏಳು ಹಲ್ಲು ಹೋದವು. ಹಾಗಾಗಿ
ಮಿಕ್ಕವರಿಗಿಂತ ಕತೆ ಜಾಸ್ತಿ ಗೊತ್ತಿದ್ದದ್ದು ಅವರಿಗೇ.

ನನಗೆ ಅಷ್ಟೂ ಗೊತ್ತು ಎನ್ನಲಾರೆ.
ಇರ್ವಿನ್ ರಸ್ತೆಯ ಆ ಅಂಗಡಿಯಲ್ಲಿ ನಾನು
ಹಿತ್ತಾಳೆ ಬೋಗುಣಿಯ ರಕ್ತ ತೊಳೆಯುವ ಹುಡುಗ.
ನಲ್ಲಿಗೆ ಹೋಗಿ ಬರುವಷ್ಟರಲ್ಲಿ
ಒಂದು ಯುದ್ಧ ಮುಗಿದಿರುತ್ತಿತ್ತು.

ಊರು ಅವರನ್ನು ಮಾದಪ್ಪ ಮಾಡಿಕೊಂಡಿತ್ತು.
‘ಚೀನದ ಮಾದಪ್ಪ ನೋವಾಗದ ಹಾಗೆ ಕೀಳ್ತಾನೆ.’
ನೋವಾಗುತ್ತಿತ್ತು.

ಪಿಂಗಾಣಿ ಹಲ್ಲುಗಳ ಬೀರುವಿನ ಮೇಲೆ, ಚೌಕಟ್ಟಿನೊಳಗೆ, ಅಣ್ಣ.
ಕತ್ತು ಹಿಡಿದ ಕಾಲರು, ಸೊಂಟಕ್ಕೆ ಕತ್ತಿ,
ಇಪ್ಪತ್ತಾರರ ಮುಖದಲ್ಲಿ ಬಲಿಯದ ಮೀಸೆ.
ಹೆಸರು? ಹೇಳಲಿಲ್ಲ ಒಂದು ದಿನವೂ.
ಹಿರಿಯನ ಹೆಸರು ಬಾಯಲ್ಲಿ ತರಬಾರದಂತೆ,
ನಮ್ಮವ್ವ ಅಪ್ಪನ ಹೆಸರಿಗೆ ನಾಲಗೆ ಕಚ್ಚಿಕೊಂಡ ಹಾಗೆ.

ಒಬ್ಬರ ದವಡೆ ಹಲ್ಲಿಗೆ ಸಿಕ್ಕಿದ್ದು:
ಚಕ್ರವರ್ತಿಯ ಸಂಬಳ ಎಣಿಸಿಕೊಂಡ ಕೈ
ಚಕ್ರವರ್ತಿಯ ಕಡೆಗೇ ಬಂದೂಕು ತಿರುಗಿಸಿದ ರಾತ್ರಿ.
ಇನ್ನೊಬ್ಬರ ಕೋರೆಹಲ್ಲಿಗೆ:
ಬೆನ್ನುದ್ದದ ಜಡೆ ಕತ್ತರಿಸಿ ತಾಯ ಮಡಿಲಿಗೆ ಹಾಕಿದ್ದು,
ಆಕೆ ಅಳದೆ ಅದನ್ನು ಅಕ್ಕಿ ಗುಡಾಣದಲ್ಲಿ ಬಚ್ಚಿಟ್ಟದ್ದು,
ಆ ವರ್ಷವೆಲ್ಲ ಅನ್ನಕ್ಕೆ ತಲೆಯೆಣ್ಣೆ ವಾಸನೆ.

ಹೊಳೆಯ ಭಾಗ ಮಾತ್ರ ಎಲ್ಲರಿಗೂ,
ಬರೀ ಹುಳುಕು ತೋರಿಸಲು ಬಂದವರಿಗೂ.
ದೋಣಿಗೆ ದೋಣಿ ಕಟ್ಟಿದ ಸೇತುವೆ. ಹಿಂದೆ ಉರಿಯುವ ಪೇಟೆ.
ನಲವತ್ತು ಜನ ದಾಟಿದರು, ಗಾಯಗೊಂಡವರು ಮೊದಲು.
ಹಗ್ಗದ ಗಂಟು ಇದ್ದದ್ದು ಶತ್ರುವಿನ ದಡದಲ್ಲಿ.
ಕತ್ತರಿಸಬೇಕಾದವನು ಅಲ್ಲೇ ಉಳಿಯಬೇಕು.
‘ಉಗುಳಿ’ ಎನ್ನುತ್ತಿದ್ದರು ಡಾಕ್ಟ್ರು ಅಷ್ಟಕ್ಕೆ,
ಲೋಟದಲ್ಲಿ ಉಪ್ಪುನೀರು ಕೊಡುತ್ತ.

ಅರವತ್ತೆರಡು. ಕಾರ್ತಿಕದ ಸಂಜೆ.
ದಫೇದಾರ್ ಗುರುಸಿದ್ದಯ್ಯ ಆರ್ಡರು ಓದಿದ,
ಮಾ ಡಾಕ್ಟ್ರೇ ಕಟ್ಟಿಕೊಟ್ಟಿದ್ದ ಹಲ್ಲಿನಲ್ಲಿ.
ಸಕಾರ ಚೆನ್ನಾಗಿಯೇ ಹೊರಟಿತು.
‘ಗೋಡೆ ಮೇಲಿನ ಆಫೀಸರು ಯಾರು?’
‘ಅಣ್ಣ. ಸತ್ತು ಐವತ್ತೊಂದು ವರ್ಷ.’
‘ಯಾರ ಮೇಲೆ ಯುದ್ಧಕ್ಕೆ ಹೋಗಿ?’
‘ತನ್ನ ದೊರೆ ಮೇಲೆ.’
ಇದನ್ನು ಯಾವ ಕಾಲಮಿನಲ್ಲಿ ಬರೆಯುವುದೋ
ದಫೇದಾರನಿಗೆ ತೋಚಲಿಲ್ಲ.

ಅವನು ಪೆನ್ಸಿಲು ಚೀಪುತ್ತಿದ್ದಾಗ ಡಾಕ್ಟ್ರು
ಬೋಗುಣಿಗೆ ಬಟ್ಟೆ ಮುಚ್ಚಿ ನನ್ನ ಕೈಗಿತ್ತರು:
‘ತೊಳ್ಕೊಂಡು ಬಾ, ಮರಿ.’
ಇಷ್ಟು ಭಾರ ಯಾಕೆ ಅಂತ ನಲ್ಲಿ ಹತ್ತಿರ ಬಟ್ಟೆ ಎತ್ತಿದರೆ
ಬೋಗುಣಿಯಲ್ಲಿ ಅಣ್ಣ ಮಲಗಿದ್ದ, ಗಾಜು ಸಮೇತ.
ವಾಪಸು ಬರುವಷ್ಟರಲ್ಲಿ
ಅಂಗಡಿಗೆ ಅರಗಿನ ಮುದ್ರೆ.
ಎಲ್ಲಿಗೆ ಒಯ್ದರೋ. ಮರಳುಗಾಡು ಅಂದರು ಕೆಲವರು.
ಕಾಗದ ಬರಲಿಲ್ಲ.

ಮುಂದಿನ ಪಿತೃಪಕ್ಷದಲ್ಲಿ, ಕ್ಯಾತಮಾರನಹಳ್ಳಿಯ ನಮ್ಮ ಮನೆಯಲ್ಲಿ,
ಅವ್ವ ಎಲೆ ಹಾಸಿದಳು: ಅಪ್ಪನಿಗೆ, ತಾತನಿಗೆ,
ಹೆರಿಗೆಯಲ್ಲಿ ಹೋದ ಅತ್ತೆಗೆ.
ಕೊನೆಗೆ ಇನ್ನೊಂದು.
‘ನಮ್ಮನೇಲಿ ಇರೋನು ಹಸ್ಕಂಡು ನೋಡ್ತಿರ್ಬೇಕಾ?’
ಹೆಸರು ಕೇಳಿದಳು. ‘ಮಾದಪ್ಪನ ಅಣ್ಣ’ ಅಂದೆ.
ಸಾಕು ಅಂದಳು.
ಅವನಿಗೆ ಮಾತ್ರ ಮೀನು, ಹೊಳೆಯೋನು ಅಂತ,
ಖಾರ ಕಮ್ಮಿ.

ಬಾಗಿಲು ಮುಂದಕ್ಕೆಳೆದು ಜಗಲಿಯಲ್ಲಿ ಕೂತೆವು,
ಸತ್ತವರು ಉಣ್ಣುವಾಗ ಇದ್ದವರು ನೋಡಬಾರದು.
ಪ್ರತಿವರ್ಷ ಒಂದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತು.
ಆ ಸಲ ಎರಡಾಯಿತು, ಮೂರಾಯಿತು.
ತಂಗಿ ಹಸಿವೆಂದು ರಚ್ಚೆ ಹಿಡಿದಳು.
ಚಿಲಕಕ್ಕೆ ಕೈ ಹಾಕಿದ ನನ್ನನ್ನು ಅವ್ವ ತಡೆದಳು:
‘ಇರ‍್ಲಾ ಇನ್ನೊಂದು ಗಳಿಗೆ.
ದೂರದಿಂದ ಬರ್ಬೇಕು.
ಸೇತುವೆ ಬೇರೆ ಇಲ್ಲ.’