ಬ್ರೇಕಿನ ಗುರುತು

ಗುರುವಾರ ಪಾಳಿ ಮುಗಿಸಿ ದಮ್ಮಾಮಿನಿಂದ ಹೊರಟೆ.
ಪಿಕಪ್ಪಿನ ಬೆನ್ನಿಗೆ ಬಿಗಿದ ಆರುನೂರು ಸಿಸಿ,
ಮೂರು ಕೈ ದಾಟಿ ಬಂದ ಗಾಡಿ.
ಸೇತುವೆಯ ನಡುವೆ ಕಸ್ಟಮ್ಸಿನವ ಟಾರ್ಚು ಬಿಟ್ಟು ಕೇಳಿದ:
ಕನ್ನಡಿ ಎಲ್ಲಿ, ದೀಪ ಎಲ್ಲಿ?
ರೇಸಿನಲ್ಲಿ ಹಿಂದೆ ನೋಡುವ ಕೆಲಸವಿಲ್ಲ ಅಂದೆ,
ಅರೆಬರೆ ಅರಬ್ಬಿಯಲ್ಲಿ.
ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿದ,
ಪಪ್ಪಾಯಿ ಮಾಗಿದೆಯೇ ಎಂದು ನೋಡುವವನ ಹಾಗೆ.

ಸಖೀರಿನ ಟ್ರ್ಯಾಕು ನನಗೆ ಹೊಸದು.
ಊರಾದರೆ ಯಾರನ್ನಾದರೂ ದಾರಿ ಕೇಳಬಹುದು;
ನೂರಾ ಎಂಬತ್ತರಲ್ಲಿ ಯಾರನ್ನು ಕೇಳುವುದು?
ಶುಕ್ರವಾರ ನಸುಕಿನಲ್ಲಿ ಒಂದು ಸುತ್ತು ನಡೆದೇ ಹಾಕಿದೆ,
ಚಪ್ಪಲಿಯಲ್ಲಿ.
ನಂಬರು ತಲೆಯಲ್ಲಿ ನಿಲ್ಲದೆ ಹೆಸರಿಟ್ಟೆ:
ಮೊದಲನೆಯದು ಕುಡುಗೋಲು, ಆಮೇಲಿನದು ಜಡೆ.
ಇಳಿಯುತ್ತ ಎಡಕ್ಕೆ ಮುದುಡಿಕೊಳ್ಳುವ ಹತ್ತನೆಯದಕ್ಕೆ
ಹೆಸರು ಹೊಳೆಯಲಿಲ್ಲ.
ಬ್ರೇಕು ಹಿಡಿದುಕೊಂಡೇ ವಾಲಬೇಕು ಅಲ್ಲಿ,
ಅಳುವ ಮಗುವನ್ನು ಎತ್ತಿಕೊಂಡೇ ಹಾಲು ಕಾಯಿಸಿದ ಹಾಗೆ.

ಎರಡೂ ದಿನ ಬೆಳಗಿನ ಏಳೂವರೆಗೆ ನಮ್ಮ ಗುಂಪಿನ ಅಭ್ಯಾಸ.
ಎರಡೂ ದಿನ ಆ ತಿರುವಿನ ಮೊದಲು ರಸ್ತೆಗೆ ಅಡ್ಡ ಬಿದ್ದಿತ್ತು
ದೀಪದ ಕಂಬದ ನೆರಳು.
ಕರ್ರಗೆ, ನೇರ, ಯಾರೋ ನನಗೆಂದೇ ಎಳೆದ ಗೆರೆ.
ನೆರಳು ಬಂತೋ, ಬ್ರೇಕು.
ಎರಡು ನಿಮಿಷ ನಲವತ್ತೊಂದು. ಮರುದಿನ ಮೂವತ್ತಮೂರು.

ಪಕ್ಕದ ಗೂಡಿನಲ್ಲಿ ರೊಡೆಲ್, ಮನಾಮಾದ ಡಯಾಲಿಸಿಸ್ ನರ್ಸು.
ಐವತ್ತರ ಮೇಲೆ ವಯಸ್ಸು, ಮೊಣಕಾಲಿನಲ್ಲಿ ಸ್ಟೀಲು.
ಹುಲಿಗೆಪ್ಪ ಅನ್ನಲು ನಾಲಿಗೆ ಹೊರಳದೆ 'ಹುಲಿ' ಮಾಡಿದ.
ಹಾಗಂದರೇನು ಎಂದು ಕೇಳಿ ತಿಳಿದುಕೊಂಡು,
ನನ್ನ ಟೈಮಿನ ಹಾಳೆ ನೋಡಿ,
ಬಹಳ ಹೊತ್ತು ನಕ್ಕ.

ಶನಿವಾರ ಮಧ್ಯಾಹ್ನ ಮೂರಕ್ಕೆ ಮೊದಲ ರೇಸು.
ಎರಡು ಸುತ್ತು ಮುಂದಿನವರ ಬೆನ್ನು ನೋಡಿಯೇ ಬ್ರೇಕು ಹಿಡಿದೆ.
ಮೂರನೆಯದರಲ್ಲಿ ಆ ಇಬ್ಬರನ್ನೂ ದಾಟಿದೆ.
ಹೆಲ್ಮೆಟ್ಟಿನೊಳಗೆ ಕೊಪ್ಪಳದ ಬೈಗುಳವೊಂದು ಖುಷಿಗೆ ಸಿಡಿಯಿತು.
ಮುಂದೆ ಬಯಲು.
ಇಳಿಜಾರು ಬಂತು. ನೆರಳು ಬರಲಿಲ್ಲ.
ಕಾದೆ. ಕಾಯುವಷ್ಟು ಹೊತ್ತಿರಲಿಲ್ಲ, ಆದರೂ ಕಾದೆ.
ಅದು ಬೇಲಿಯಾಚೆ ಮರಳಿನ ಮೇಲೆ ಉದ್ದಕ್ಕೆ ಮಲಗಿತ್ತು,
ಮಧ್ಯಾಹ್ನದ ಮೇಲೆ ಅದಕ್ಕೆ ಅಲ್ಲೇ ಡ್ಯೂಟಿ.

ಬಣ್ಣದ ಪಟ್ಟೆ ದಾಟಿ ಜಲ್ಲಿಗೆ ನುಗ್ಗಿ, ಮೆತ್ತಗೆ ಬಿದ್ದೆ.
ಓಡಿ ಬಂದ ಮಾರ್ಷಲ್
ಗಾಡಿ ಎತ್ತುವ ಮೊದಲು ನನ್ನ ಬೆರಳು ಎಣಿಸಿದ.
ಕ್ಲಚ್ಚಿನ ಲಿವರು ಮುರಿದಿತ್ತು, ಉಳಿದದ್ದೆಲ್ಲ ಬರೀ ಗೀರು.

ಯಾವುದನ್ನು ಗುರುತು ಹಿಡಿದಿದ್ದೆ ಅಂತ ರೊಡೆಲ್ ಕೇಳಿದ.
ಹೇಳಿದೆ. ಈ ಸಲ ನಗಲಿಲ್ಲ.
ತನ್ನ ಪೆಟ್ಟಿಗೆಯಿಂದ ಇನ್ಯಾವುದೋ ಗಾಡಿಯ ಲಿವರು ತೆಗೆದು ಕೊಟ್ಟ.
ಅರ ಹಾಕಿ ಸವೆಸುತ್ತ ಕೂತೆ, ಕೂರುವವರೆಗೆ.
"ಮೊದಲ ವರ್ಷ ನಾನು
ಅಲ್ಲಿ ನಿಂತಿದ್ದ ಆಂಬುಲೆನ್ಸನ್ನು ಗುರುತು ಮಾಡಿಕೊಂಡಿದ್ದೆ," ಅಂದ.
"ಯಾರನ್ನೋ ತರಲು ಅದು ಹೊರಟುಹೋಯಿತು."

ರಾತ್ರಿಯ ರೇಸಿಗೆ ದೀಪ ಹತ್ತಿದವು.
ಒಂದೊಂದು ಕಂಬಕ್ಕೂ ನಾಲ್ಕು ತೆಳು ನೆರಳು,
ಒಂದನ್ನೂ ನಂಬಲಿಲ್ಲ.
ಡಾಂಬರಿನಲ್ಲೊಂದು ತೇಪೆಯಿತ್ತು, ಲಿಫ್ಟಿನ ಬಾಗಿಲಿನಷ್ಟು ಅಗಲ.
ಹಗಲೆಲ್ಲ ಅದರ ಮೇಲೆಯೇ ಹಾದುಹೋಗಿದ್ದೆ.
ತೇಪೆ, ಬ್ರೇಕು, ವಾಲು.
ತೇಪೆ, ಬ್ರೇಕು,
ಇನ್ನೂ ಸ್ವಲ್ಪ ಹಿಡಿ, ಬಿಡಬೇಡ, ವಾಲು.
ಎರಡು ಇಪ್ಪತ್ತೇಳು. ಇಪ್ಪತ್ತಮೂರರಲ್ಲಿ ಹದಿನೇಳನೆಯವ.

ವಾಪಸು ಸೇತುವೆ, ನಡುರಾತ್ರಿ ಎರಡು.
ಗೆದ್ದೆಯಾ ಎಂದು ಕೇಳಿದ ಗಾಜಿನ ಗೂಡಿನವ.
ಹದಿನೇಳು ಅಂದೆ.
ಒಳ್ಳೆಯ ಸಂಖ್ಯೆ ಎಂಬಂತೆ ತಲೆಯಾಡಿಸಿ ಮೊಹರು ಒತ್ತಿದ.

ಭಾನುವಾರ ಬೆಳಿಗ್ಗೆ ಖೋಬಾರಿನಿಂದ ದೂರು:
ಹನ್ನೊಂದನೇ ಮಹಡಿಯಲ್ಲಿ ಲಿಫ್ಟು
ನೆಲಕ್ಕೆ ನಾಲ್ಕು ಬೆರಳು ಕೆಳಗೇ ನಿಲ್ಲುತ್ತಿದೆ.
ಬಾಯಲ್ಲಿ ಟಾರ್ಚು ಕಚ್ಚಿ, ಲಿಫ್ಟಿನ ನೆತ್ತಿ ಹತ್ತಿ,
ನಿಲ್ಲಿಸುವ ಪಟ್ಟಿ ಎಷ್ಟು ಜಾರಿದೆ ಎಂದು ಬಗ್ಗಿ ನೋಡಿದೆ.
ಕಿವಿಯಿಂದ ಮರಳು ಉದುರಿತು.