ಹದಿನೈದು ಸೆಂಟಿಮೀಟರ್

ರೂದಾದಲ್ಲಿ ನಮ್ಮ ಬೀದಿಯ ಮನೆಗಳೆಲ್ಲ ಇಟ್ಟಿಗೆಯವು.
ಗಣಿಯವರು ಕಟ್ಟಿಸಿದ್ದು. ಗಣಿ ಮುಚ್ಚಿದ ಮೇಲೂ
ಮಸಿ ಮೆತ್ತಿಕೊಂಡೇ ನಿಂತಿದ್ದವು,
ಪಾಳಿ ಮುಗಿಸಿ ಮುಖ ತೊಳೆಯಲು ಮರೆತವರ ಹಾಗೆ.

ಹೋದ ಚಳಿಗಾಲ ಉತ್ತರದ ಗೋಡೆ
ಒಳಗಡೆಯೇ ಬೆವರಿತು. ಕಪಾಟು ಸರಿಸಿ ನೋಡಿದರೆ
ಬೆನ್ನ ತುಂಬ ಕಪ್ಪು ಬೂಷ್ಟು;
ಅವ್ವನ ಮದುವೆಯ ಫೋಟೋದಲ್ಲಿ
ಅಪ್ಪನ ಒಂದು ಕಿವಿ ತಿಂದು ಮುಗಿಸಿತ್ತು.
ಗಾಡಿಗಟ್ಟಲೆ ಕಲ್ಲಿದ್ದಲು ಸುಟ್ಟು
ನಾವು ಕಾಯಿಸುತ್ತಿದ್ದುದು ಬೀದಿಯನ್ನು.

ಟ್ರಾಮ್ ಓಡಿಸುವವಳು ನಾನು, ನಿಮಿಷದ ಲೆಕ್ಕದವಳು.
ಸಾಲ ಇಷ್ಟು, ಸರ್ಕಾರ ಕೊಡುವುದು ಇಷ್ಟು,
ಹದಿನೈದು ಸೆಂಟಿಮೀಟರ್ ದಪ್ಪ ಥರ್ಮೊಕೋಲು, ಹೊರಗಿನಿಂದ.

"ಮನೆಗೇನು ನೆಗಡಿಯೇ?" ಎಂದಳು ಅವ್ವ.
"ಟಿವಿ ಸುತ್ತಿ ಕಳಿಸುತ್ತಾರಲ್ಲ, ಅದರಲ್ಲಿ
ನನ್ನನ್ನೂ ಸುತ್ತಿಡುತ್ತೀಯಾ?"
ಮೂರು ದಿನ ಸೂಪಿಗೆ ಉಪ್ಪು ಬೀಳಲಿಲ್ಲ.

ಸೆಪ್ಟೆಂಬರಿನಲ್ಲಿ ಒಸ್ತಾಪ್ ಬಂದ, ತೆರ್ನೋಪಿಲ್ ಕಡೆಯವನು.
ಕಲ್ಲಂಗಡಿ ಕೊಳ್ಳುವವನ ಹಾಗೆ ಗೋಡೆ ತಟ್ಟಿ ನೋಡಿದ,
ಸಡಿಲ ಗಾರೆ ಕೆರೆದ, ತೊಳೆದ.
ನೂರು ವರ್ಷದ ಮಸಿ ಚರಂಡಿ ಸೇರಿ
ಅಡಿಯಿಂದ ಎದ್ದ ಕೆಂಪಿಗೆ
ಎದುರುಮನೆ ರೂಫಿನ್ ಸೈಕಲ್ಲಿಂದ ಇಳಿದು ನಿಂತ.
ಇಷ್ಟು ಚೆಂದವಿತ್ತೆಂದು ನಮಗೇ ಗೊತ್ತಿರಲಿಲ್ಲ.
"ಎರಡು ದಿನ ಒಣಗಲಿ, ಆಮೇಲೆ ಮುಚ್ಚೋಣ" ಎಂದ.
ಎರಡು ದಿನ ಆ ಕೆಂಪು ನಮ್ಮದಾಗಿತ್ತು.

ಬಾಗಿಲ ಬಲಕ್ಕೆ, ಸೊಂಟದೆತ್ತರದಲ್ಲಿ
ಐದಾರು ಇಟ್ಟಿಗೆಗಳಿಗೆ ಬಟ್ಟಲಿನಂಥ ಗುಳಿ.
ಅವ್ವ ಹೊರಬಂದು ಒಂದರಲ್ಲಿ ಹೆಬ್ಬೆರಳಿಟ್ಟಳು.
"ಇದು ನನ್ನದು. ಅದು ಅಲೋಯ್ಸಣ್ಣನದು."
ಗಣಿಯಿಂದ ಅಪ್ಪ ಬರುವುದನ್ನು ಕಾಯುತ್ತ
ಮಕ್ಕಳು ನಾಣ್ಯ ಒತ್ತಿ ತಿರುಗಿಸುತ್ತಿದ್ದರಂತೆ,
ತಿರುಗಿಸಿ ತಿರುಗಿಸಿ, ಕೆಂಪು ಹಿಟ್ಟು ಉದುರಿಸಿ,
ಸೈರನ್ನು ಕೂಗುವ ತನಕ.
ಅಲೋಯ್ಸನ ಗುಳಿ ಎಲ್ಲಕ್ಕಿಂತ ಆಳ.
"ಒಂದು ಸಂಜೆ ಬಹಳ ತಡವಾಯಿತು" ಎಂದಳು, ಅಷ್ಟೇ.

"ಇಷ್ಟು ಬಿಟ್ಟುಬಿಡಪ್ಪ, ಒಂದು ಕಿಟಕಿಯಷ್ಟು."
ಒಸ್ತಾಪ್ ತಲೆ ಕೆರೆದುಕೊಂಡ.
"ಬಿಡಬಹುದು ಅಮ್ಮ. ಆದರೆ ಬಿಸಿಗೆ ನೀರಿನ ಬುದ್ಧಿ,
ಬಿಟ್ಟ ಕಡೆಯೇ ಹರಿಯುತ್ತೆ.
ಒಳಗೆ ಗೋಡೆ ಅಲ್ಲೇ ಬೆವರುತ್ತೆ, ಬೂಷ್ಟು ಅಲ್ಲೇ."
ಅವ್ವ ನನ್ನತ್ತ ಕೈಚಾಚಿದಳು: "ಒಂದು ಜ್ವೋತಿ ಕೊಡು."
ತನ್ನ ಗುಳಿಗೆ ನಾಣ್ಯ ಒತ್ತಿ ತಿರುಗಿಸಿದಳು,
ಮಣಿಕಟ್ಟು ಸೋಲುವ ತನಕ. ಅಳೆದಳು.
ಅಣ್ಣನದೇ ಇನ್ನೂ ಆಳ.
"ಹೂಂ, ಮುಚ್ಚು" ಎಂದು ಒಳಗೆ ಹೋದಳು. ನಾಣ್ಯ ವಾಪಸು ಕೊಡಲಿಲ್ಲ.

ಅಂಚಿಗೆ ಗೋಂದಿನ ಕಟ್ಟೆ, ನಡುವೆ ಆರು ಉಂಡೆ,
ಹಲಗೆಯ ಮೇಲೆ ಹಲಗೆ, ಗುಂಡಿ ಹೊಲಿದ ಹಾಗೆ ಮೊಳೆ.
ಬೀದಿ ತುಂಬ ಬಿಳಿ ಕಾಳು; ರೂಫಿನ್‌ನ ಕರಿಬೆಕ್ಕು
ವಾರವಿಡೀ ಹಿಮ ಹೊತ್ತು ತಿರುಗಿತು.
ಮಳೆನೀರಿನ ಕೊಳವೆಯನ್ನು ಈಚೆ ತಂದರು.
ಕಿಟಕಿಗಳ ಕಣ್ಣು ಗುಳಿ ಬಿದ್ದವು.
ಬಣ್ಣ ಕ್ಯಾಟಲಾಗಿನಲ್ಲಿ ಬೆಣ್ಣೆ, ಗೋಡೆಯ ಮೇಲೆ ಸಾಸಿವೆ.

ಜನವರಿಯಲ್ಲಿ ಮೈನಸ್ ಹದಿನಾಲ್ಕು.
ಅವ್ವ ತನ್ನ ಮಂಚವನ್ನು ಉತ್ತರದ ಗೋಡೆಗೇ ಎಳೆದುಕೊಂಡಳು.
ಕೈಯಿಟ್ಟು ನೋಡಿದೆ:
ಯಾರೋ ಈಗಷ್ಟೇ ಎದ್ದುಹೋದ ಕುರ್ಚಿಯ ಹಾಗಿತ್ತು.
ಸರಿ ಮಾಡಿದೆ ಅಂತ ಅವಳು ಹೇಳಲಿಲ್ಲ. ಸೂಪಿಗೆ ಉಪ್ಪು ಸರಿಯಾಗಿತ್ತು.

ಮಾರ್ಚಿನಲ್ಲಿ ಮರಕುಟಿಗ ಬಂತು.
ಪೊಳ್ಳು ಸದ್ದಿಗೆ ಒಣಮರವೆಂದೇ ತಿಳಿದು
ಮೂಲೆಯಲ್ಲಿ, ಸೂರಿನ ಕೆಳಗೆ
ಎರಡು ಬೆಳಗ್ಗೆಗಳಲ್ಲಿ ಮುಷ್ಟಿಯಷ್ಟು ತೂತು ಕೊರೆಯಿತು.
ಏಣಿ ಹತ್ತಿ ಇಣುಕಿದೆ.
ಬಿಳಿಯ ಸುರಂಗ; ಅದರ ಕೊನೆಗೆ
ಕೊಕ್ಕಿಗೆ ಬಗ್ಗದೆ, ಕೆಂಪಗೆ, ಇಟ್ಟಿಗೆ.

"ಬಿಸಿ ಹೋಗುತ್ತೆ, ಅವ್ವ."
"ಹೋಗಲಿ, ಒಂದು ಮುಷ್ಟಿ ತಾನೇ" ಎಂದಳು,
ಏಣಿಯ ಬುಡ ಹಿಡಿದುಕೊಂಡು. "ಇಳಿ. ನಾನೂ ನೋಡಬೇಕು."

ಒಸ್ತಾಪ್ ಶನಿವಾರ ಬರುತ್ತೇನೆಂದಿದ್ದಾನೆ.
ಇವತ್ತು ಗುರುವಾರ.